ಟೋಪಿ ಮಾವನ ಮೂರನೇ ರಿಪೇರಿ

"ಇನ್ನೊಂದು ಹನಿ ಒಳಗೆ ಬಂದ್ರೆ ಕೇಳಿ ಡಾಕ್ಟರಮ್ಮಾ" ಎಂದು ಟೋಪಿ ಮಾವ ನೀರಿನ ಪೈಪನ್ನು ಕಾರಿನ ಬಟ್ಟೆ ಛಾವಣಿಯ ಮೇಲೆ ಹಿಡಿದರು. ಒಳಗೆ ಹಿಂದಿನ ಸೀಟಿನಲ್ಲಿ ಕಾರಿನ ಒಡತಿ, ಹಲ್ಲಿನ ಡಾಕ್ಟರು, ಕೂತಿದ್ದರು. ಅಲ್ಲಿ ಕೂರಿಸಿದ್ದೂ ಮಾವನೇ. ಒದ್ದೆಯಾಗುತ್ತಿದ್ದದ್ದು ಆ ಸೀಟು, ಆಗದಿರುವುದನ್ನೂ ಅಲ್ಲೇ ಕೂತು ನೋಡಲಿ ಎಂದು. ಡಾಕ್ಟರಮ್ಮ ಒಳಗಿನಿಂದ ನಕ್ಕು ಹೆಬ್ಬೆರಳು ಎತ್ತಿದರು. ಎತ್ತಿದ ಹೆಬ್ಬೆರಳು ಹಾಗೇ ನಿಂತಿತು. ನಗು ಮಾತ್ರ ಇಳಿಯಿತು. ಮರುಗಳಿಗೆ ಚೇಳು ಕುಟುಕಿದವರಂತೆ ಚಂಗನೆ ಎದ್ದು ಛಾವಣಿಗೆ ತಲೆ ಗುದ್ದಿಕೊಂಡರು.

ಇಳಿದು ನಿಂತಾಗ ಅವರ ಬೂದು ಪ್ಯಾಂಟಿನ ಹಿಂಭಾಗದಲ್ಲಿ ಒಂದು ಭೂಪಟ ಮೂಡಿತ್ತು.

"ಬಾಯಿ ಮುಕ್ಕಳಿಸೋಕೆ ನನ್ನ ಪೇಷಂಟುಗಳಿಗೂ ಇಷ್ಟು ನೀರು ಕೊಡಲ್ಲ ನಾನು!" ಎಂದರು.

ಬಟ್ಟೆ ಛಾವಣಿಯ ಕಾರುಗಳಿಗೆ ಹೊದಿಕೆ ಹೊಲಿದು, ಅಂಟಿಸಿ, ಸೋರಿಕೆ ನಿಲ್ಲಿಸುವುದು ಮಾವನ ಕಸುಬು. ಕಾರುಗಳಿಗಲ್ಲದೆ ಗಿರಾಕಿಗಳಿಗೆ ಅವರು ಟೋಪಿ ಹಾಕಿದವರಲ್ಲ ಎಂಬುದು ಗ್ಯಾರೇಜಿನ ಹಳೇ ಜೋಕು. ಆದರೆ ಗ್ಯಾರೇಜು ಈಗ ಅಳಿಯನ ಕೈಯಲ್ಲಿತ್ತು. ಅವನು ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ಮಾವ, ಈ ಕಾರು ಬಂದಿರೋದು ಮೂರನೇ ಸಲ. ಇವತ್ತೂ ನಿಮ್ಮದೇ ತಪ್ಪು ಅಂತಾದ್ರೆ ಟಾಪ್ ಕೆಲಸ ಬಂದ್. ನೀವು ಮನೇಲಿ ಆರಾಮಾಗಿರಿ."

ಆರಾಮ! ಮನೆಯಲ್ಲಿ ಅತ್ತೆ ಆಗಲೇ ಮಾವನ ಹೆಸರಿಗೆ ತರಕಾರಿ ಹೆಚ್ಚುವ ಹುದ್ದೆ ಮಂಜೂರು ಮಾಡಿಟ್ಟಿದ್ದರು.

ಮೊದಲ ಸಲ ಈ ಕಾರು ಬಂದಾಗ ಹಿಂದಿನ ಗಾಜಿನ ಅಂಚು ಬಿಟ್ಟಿತ್ತು. ಮಾವ ಅಂಟಿಸಿ ಕೊಟ್ಟರು. ಅಂದಿನಿಂದ ಸೀಟು ಒದ್ದೆ. ಎರಡನೇ ಸಲ, ಬಾಗಿಲ ಗಾಜು ಕೂರುವಲ್ಲಿ ನೀರು ನುಗ್ಗುತ್ತಿರಬಹುದೆಂದು ದಪ್ಪ ರಬ್ಬರು ಹಾಕಿದರು. ಸೀಟು ಒಣಗಲಿಲ್ಲ, ಸಾಲದ್ದಕ್ಕೆ ಕಾರು ವೇಗ ಹಿಡಿದರೆ ಕುಕ್ಕರಿನಂತೆ ಸೀಟಿ ಬೇರೆ. ಇವತ್ತು ಹೊಲಿಗೆಗಳಿಗೆಲ್ಲ ಮೇಣ ತಿಕ್ಕಿ ಗೆದ್ದೆ ಎಂದುಕೊಂಡಿದ್ದರು.

ಮಾವನ ಗಂಟಲು ಒಣಗಿತು. ಆ ಕಾರಿನ ಸುತ್ತ ಒಣಗಿದ್ದು ಅದೊಂದೇ. ಅಲ್ಲ, ಇನ್ನೊಂದಿತ್ತು: ಡಾಕ್ಟರಮ್ಮನ ತಲೆಗೂದಲು.

ತಲೆ ಒಣಗಿದೆ, ಸೊಂಟದ ಕೆಳಗೆ ಒದ್ದೆ. ಅಂದರೆ ನೀರು ಮೇಲಿಂದ ಸೋರಿದ್ದಲ್ಲ, ಕೆಳಗಿಂದ ಉಕ್ಕಿದ್ದು. ಮಾವ ಒಳಗೆ ತೂರಿ ಸೀಟಿನ ಬೆನ್ನು ಬಿಚ್ಚಿದರು. ಛಾವಣಿಯ ನೀರನ್ನು ಹಿಡಿದು ಹೊರಗೆ ಕಳಿಸುವ ದೋಣಿ ತುಂಬಿ ತುಳುಕುತ್ತಿತ್ತು. ಅದರ ಮೂಲೆಯ ತೂತಿಗೆ ಬೆರಳು ಹಾಕಿದರೆ ಮೆತ್ತಗೆ ಏನೋ ತಾಗಿತು.

ಗಾಜು ಅಂಟಿಸುವಾಗ ಅಂಟು ತೊಟ್ಟಿಕ್ಕಿ ತೂತು ಕಟ್ಟಿಕೊಳ್ಳಬಾರದೆಂದು ಮಾವ ಅಲ್ಲಿಗೊಂದು ಚಿಂದಿ ತುರುಕುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯುತ್ತಿದ್ದರು. ಪ್ರತಿ ಕಾರಿಗೂ. ಈ ಕಾರೊಂದನ್ನು ಬಿಟ್ಟು.

"ಏನು ಸಿಕ್ತು?" ಅಳಿಯ ಬಗ್ಗಿ ನೋಡಿದ. ಚಿಂದಿಯ ತುದಿ ಕಂಡಿತು. ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಡಾಕ್ಟರಮ್ಮ ಟವೆಲು ಹುಡುಕುತ್ತ ಅತ್ತ ತಿರುಗಿದ್ದರು.

"ಮುಷ್ಟೀಲೇ ಇಟ್ಕೊಳ್ಳಿ" ಎಂದು ಪಿಸುಗುಟ್ಟಿದ. "ಎಲೆ ಅಂತೀನಿ. ಗ್ಯಾರೇಜಿನ ಹೆಸರೂ ಉಳಿಯತ್ತೆ, ನಿಮ್ಮ ಕೆಲಸಾನೂ ಉಳಿಯತ್ತೆ. ನೀವು ಬಾಯಿ ಬಿಡಬೇಡಿ, ಸಾಕು."

ಮಾವ ಎಳೆದರು. ನೀರು ಗುಳುಗುಳು ಎಂದು ಇಳಿದು ಕಾರಿನಡಿ ಹರಿಯಿತು. ಚಿಂದಿ ಅವರ ಜೇಬು ಸೇರಿತು. "ನೀರು ಹೋಗೋ ತೂತು ಕಟ್ಟಿತ್ತು, ಮೇಡಂ" ಎಂದು ಅಳಿಯ ಕೂಗಿ ಹೇಳಿದ.

ಆಮೇಲೆ ದಪ್ಪ ರಬ್ಬರು ಕಿತ್ತು ತೆಳ್ಳನೆಯದು ಹಾಕಿದರು. ಬಿಗಿ ಸಾಕೇ ಎಂದು ನೋಡಲು ರಬ್ಬರಿಗೊಂದು ಕಾಗದದ ಚೂರನ್ನು ಇಟ್ಟು ಬಾಗಿಲು ಮುಚ್ಚಿ ಎಳೆದರು, ಕಾಗದ ಜಾರಲಿಲ್ಲ. ಪೈಪು ಮತ್ತೆ ಬಿಟ್ಟರು. ಸೀಟಿಗೆ ಹನಿಯೂ ಬರಲಿಲ್ಲ. ಉಳಿದದ್ದು ಗಾಳಿಯ ಸೀಟಿ. ಅದಕ್ಕೆ ರಸ್ತೆಗೇ ಇಳಿಯಬೇಕು.

ಸೀಟಿನ ಮೇಲೆ ಪ್ಲಾಸ್ಟಿಕ್ಕು ಹಾಸಿಕೊಂಡು ಡಾಕ್ಟರಮ್ಮ ಓಡಿಸಿದರು. ಪಕ್ಕದಲ್ಲಿ ಅಳಿಯ, ಹಿಂದೆ ಮಂಡಿ ಮಡಚಿ ಮಾವ. ನಲವತ್ತು. ಅರವತ್ತು. ಹಿಂದೆ ಸೀಟಿ ಶುರುವಾಗುತ್ತಿದ್ದದ್ದು ಇಲ್ಲೇ; ಮೂವರೂ ಕಿವಿ ನಿಮಿರಿಸಿದರು. ಎಂಬತ್ತು. ಟೈರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮಾವನ ಜೇಬಿನ ತಣ್ಣನೆ ತೇವ ತೊಡೆಗೆ ಇಳಿಯುತ್ತಿತ್ತು.

"ಭೇಷ್!" ಡಾಕ್ಟರಮ್ಮ ವೇಗ ಇಳಿಸಿದರು. "ಅಂತೂ ಗೆದ್ರಿ. ಅಷ್ಟಕ್ಕೂ ಆ ತೂತಲ್ಲಿ ಏನಿತ್ತು?"

"ಎಲೆ, ಮೇಡಂ" ಅಳಿಯ ಬಾಯಿ ಹಾಕಿದ. "ಮರದ ಕೆಳಗೆ ನಿಲ್ಲಿಸ್ತೀರಲ್ಲ, ಅದಕ್ಕೇ."

"ಮರಾನಾ? ನಾನು ನಿಲ್ಲಿಸೋದು ನೆಲಮಾಳಿಗೇಲಿ!" ಕನ್ನಡಿಯಲ್ಲಿ ಅವರ ಕಣ್ಣು ಮಾವನನ್ನು ಹುಡುಕಿತು. "ನೀವು ಹೇಳಿ ಯಜಮಾನ್ರೇ. ಏನಿತ್ತು?"

ಅಳಿಯ ಹಿಂದೆ ತಿರುಗಿ, ಬೇಡ ಎಂದು ಕಣ್ಣಲ್ಲೇ ಗೋಗರೆದ. ಮಾವ ಜೇಬಿಗೆ ಕೈ ಹಾಕಿ ಒದ್ದೆ ಚಿಂದಿಯನ್ನು ಹೊರಗೆಳೆದರು.

"ನನ್ನ ಹಳೇ ಬನೀನು, ಅಮ್ಮ. ನಾನೇ ತುರುಕಿ ಮರೆತದ್ದು" ಎಂದರು. "ಅರ್ಧ. ಇನ್ನರ್ಧ ಮನೇಲಿದೆ."