ಪಸೆ ಆರದ ಮೈ

ನಮ್ಮ ದೊಡ್ಡಪ್ಪ ದೇವಪುತ್ರಪ್ಪ ಮಧುಗಿರಿಯ ಕ್ರೈಸ್ತ ಸಭೆಯಲ್ಲಿ ಉಪದೇಶಿ. ಬೆಂಗಳೂರಿನಲ್ಲಿ ಓದುವಾಗ ಕಲಿತ ನಾಲ್ಕಕ್ಷರ ಹೀಬ್ರೂವಿನ ಜಂಬ ಅವರಿಗೆ ಇಳಿಯುವುದೇ ಇಲ್ಲ ಅಂದುಕೊಂಡಿದ್ದೆವು. ಅದರಲ್ಲೂ ‘ಲೇಅಹ್’ ಎಂಬ ಪದವೆಂದರೆ ಪ್ರಾಣ. ಬೈಬಲಿನ ಮೋಶೆ ನೂರಿಪ್ಪತ್ತು ವರ್ಷಕ್ಕೆ ಸತ್ತಾಗಲೂ ಅವನ ಮೈಯಲ್ಲಿ ಅದು ಕುಂದಿರಲಿಲ್ಲವಂತೆ. “ಕನ್ನಡದಲ್ಲಿ ಅದನ್ನು ಕಸುವು ಅಂತ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಅಷ್ಟೇ ಅಲ್ಲ. ಈಗತಾನೆ ಕಡಿದ ಹೊಂಗೆ ಕೊಂಬೆಯನ್ನು ಉಗುರಿನಿಂದ ಕೆರೆದರೆ ಹಸಿ ಕಾಣುತ್ತದಲ್ಲ, ಆ ಪಸೆ!” ಎನ್ನುತ್ತಿದ್ದರು. ಯಾವ ಸಾವಿಗೆ ಹೋದರೂ ಅದೇ ಪ್ರಸಂಗ. ಮನೆಯ ಹುಡುಗಿಯರು ನಾವು ಬೆನ್ನ ಹಿಂದೆ ಅವರನ್ನು ‘ಪಸೆ ದೊಡ್ಡಪ್ಪ’ ಎಂದೇ ಕರೆಯುತ್ತಿದ್ದೆವು.

ಎಂಬತ್ತರ ಮುದುಕರಿಗೆ ಆ ಮಾತು ಒಪ್ಪುತ್ತಿತ್ತು. ಆದರೆ ೧೯೫೭ರಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು, ಸಭೆಗೆ ಹೊಸದಾಗಿ ಸೇರಿದ್ದ ಮಾರಕ್ಕನ ಮಗ ಓಬಳಯ್ಯ ಸತ್ತ. ಇಪ್ಪತ್ತೆರಡರ ಹುಡುಗ. ಮಣ್ಣು ಮಾಡುವಾಗ ದೊಡ್ಡಪ್ಪ, “ಮೋಶೆಯ ಹಾಗೆ ಪಸೆ ಆರದೆ ಹೋದ, ಭಾಗ್ಯವಂತ” ಎಂದುಬಿಟ್ಟರು. ಭಾಗ್ಯವಂತನಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಮಾರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮೂರು ವರ್ಷದ ಮೇಲೆ ದೊಡ್ಡಪ್ಪನ ಒಬ್ಬಳೇ ಮಗಳು ಸುಗುಣ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಗು ಹುಟ್ಟಿತು. ನಾಲ್ಕನೆಯ ದಿನ ಜ್ವರ ನೆತ್ತಿಗೇರಿ ಸುಗುಣ ಹೋಗಿಬಿಟ್ಟಳು.

ಮೈ ತೊಳೆಯಲು ಬಂದವಳು ಮಾರಕ್ಕ. ನೀರು ಹೊಯ್ದವಳು ನಾನು. ಬಿಳಿ ಸೀರೆ ಉಡಿಸಿದೆವು. ಎದೆಯ ಮೇಲೆ ಅದು ಹಾಲಿನಿಂದ ಒದ್ದೆಯಾಯಿತು. ಒರೆಸಿ ಬೇರೆ ಸೀರೆ ಉಡಿಸಿದೆವು. ಅದೂ ಒದ್ದೆಯಾಯಿತು. ಮಗಳ ಮುಖ ನೋಡಲು ಒಳಗೆ ಬಂದ ದೊಡ್ಡಪ್ಪ ಅದನ್ನು ನೋಡಿದರು. ಸರಕ್ಕನೆ ತಿರುಗಿ ಹೊರಗೆ ಹೋದರು.

ಗುಂಡಿಯ ಹತ್ತಿರ ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಬೇರೆ ಪ್ರಸಂಗ ಅವರಿಗೆ ಗೊತ್ತಿರಲಿಲ್ಲ. ವೇದಪುಸ್ತಕ ತೆರೆದರು, ಮುಚ್ಚಿದರು, ನೇರ ಮಾರಕ್ಕನ ಮುಂದೆ ಹೋಗಿ ನಿಂತರು.

“ನಿನ್ನ ಮಗನನ್ನ ಮಣ್ಣು ಮಾಡಿದ ದಿನ ನಾನು ಆಡಿದ್ದು ತಪ್ಪು ಮಾರಕ್ಕ. ಅವತ್ತೇ ಯಾಕೆ ನನ್ನ ಬಾಯಿ ಮುಚ್ಚಿಸಲಿಲ್ಲ?”

“ಒಂದ್ ಮಾತು ಕೇಳ್ಬೇಕು ಅನ್ನುಸ್ತು ಅಯ್ನೋರೆ. ಭಯ ಆಗಿ ಸುಮ್ಕಾಗ್ಬುಟ್ಟೆ.”

“ಈಗ ಕೇಳು.”

“ಅಷ್ಟೊಂದು ಪಸೆ ಇದ್ದೋನ್ನ ದೇವ್ರು ಯಾಕೆ ಕರ್ಕೊಂಡ?”

ಮೂವತ್ತು ವರ್ಷ ಪ್ರಸಂಗ ಮಾಡಿದ ನಮ್ಮ ದೊಡ್ಡಪ್ಪ ಅಲ್ಲೇ ಮಣ್ಣಿನ ಮೇಲೆ ಕುಳಿತರು. “ಗೊತ್ತಿಲ್ಲ ಕಣಮ್ಮ, ನಂಗೊತ್ತಿಲ್ಲ” ಎಂದು ಬಿಕ್ಕಿ ಬಿಕ್ಕಿ ಅತ್ತರು. ಓಬಳಯ್ಯನಿಗಾಗಿ ಮಾರಕ್ಕ ಬಾಯಿಬಿಟ್ಟು ಅತ್ತದ್ದನ್ನು ನಾನು ಮೊದಲ ಸಲ ಕೇಳಿದ್ದೂ ಅವತ್ತೇ.