ಸುಧಕ್ಕನ ಮನೆಯ ಗುಂಡಪ್ಪ

ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ ಸುಧಾರಾಣಿ, ಬ್ಯಾಡಗಿಯಲ್ಲಿ ಮನೆಯ ಹಿಂದೆಯೇ ಖಾರದಪುಡಿ ಗಿರಣಿ ನಡೆಸುತ್ತಾಳೆ. ನಾನು ಬೆಂಗಳೂರಿನಲ್ಲಿ ಓದಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ವಾರ ಆ ಮನೆಯಲ್ಲಿ ನಾನು ಮಾಡಿದ ಕೆಲಸ ಒಂದೇ, ಸೀನುವುದು. ಕಣ್ಣು ಕೆಂಪಗೆ, ಮೂಗು ಕೆಂಪಗೆ. ನೋಡಲು ಬಂದವರೆಲ್ಲ, ಪಾಪ, ಹೊಸ ಸೊಸೆ ತವರು ನೆನೆದು ಅಳುತ್ತಿದ್ದಾಳೆ ಎಂದು ಮರುಗಿ ಹೋದರು. ಸುಧಕ್ಕ ಒಂದು ಒದ್ದೆ ಟವೆಲ್ ತಂದು ಕೈಗಿಟ್ಟು, "ಮೂಗಿಗೆ ಕಟ್ಟಿಕೋ ತಂಗಿ. ಈ ಊರಾಗ ಅಳಾಕ ಕಾರಣ ಬೇಕಾಗೂದಿಲ್ಲ, ಅದೊಂದು ಸವಲತ್ತು ಐತಿ ನಮಗ," ಎಂದಳು.

ಆಕೆಗೆ ಮಾತ್ರ ಎಂಥ ಘಾಟೂ ತಟ್ಟುತ್ತಿರಲಿಲ್ಲ. ಕೋಲ್ಡ್ ಸ್ಟೋರೇಜಿನಿಂದ ಬಂದ ಮೆಣಸಿನಕಾಯಿ ಚೀಲ ಬಿಚ್ಚಿ ಯಂತ್ರದ ಬಾಯಿಗೆ ಸುರಿಯುತ್ತ, ಯಂತ್ರದ ಸದ್ದಿಗಿಂತ ದೊಡ್ಡ ದನಿಯಲ್ಲಿ ಗಿರಾಕಿಗಳ ಜೊತೆ ಹರಟುತ್ತ ನಿಂತಿರುತ್ತಿದ್ದಳು. ಮೂವತ್ತಾರರ ಹೆಂಗಸು, ಸಂಜೆಯ ಹೊತ್ತಿಗೆ ಮೊಣಕೈತನಕ ಕೆಂಪು. ಗಂಡ ವಿಜಯಮಹಾಂತೇಶ ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರಿ. ದಿನದ ಮಾತನ್ನೆಲ್ಲ ಪೇಟೆಯಲ್ಲೇ ಖರ್ಚು ಮಾಡಿ ಮನೆಗೆ ಬಂದು ಸುಮ್ಮನೆ ಕೂರುವ ಮನುಷ್ಯ. ಇವರಿಗೆ ಒಬ್ಬಳೇ ಮಗಳು ಶ್ರೀದೇವಿ, ಹತ್ತನೆಯ ತರಗತಿ. ಈ ಒಬ್ಬಳೇ ಎಂಬುದು ನೆಂಟರಿಗೆಲ್ಲ ದೊಡ್ಡ ವಿಷಯವಾಗಿತ್ತು, ಮತ್ತು ಆ ವಿಷಯ ಎದ್ದಾಗಲೆಲ್ಲ ನಡುವೆ ಒಂದು ಕಲ್ಲು ಬರುತ್ತಿತ್ತು.

ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಚಟ್ನಿ ರುಬ್ಬುವ ದುಂಡನೆಯ ಕಲ್ಲನ್ನು ತರುತ್ತಾರೆ. ಅದಕ್ಕೆ ಎಣ್ಣೆ ಹಚ್ಚಿ ನೀರು ಹಾಕಿ, ಕಾಡಿಗೆ ಬರೆದು, ಕೂಸಿಗೆ ಕಟ್ಟುವಂಥ ಕುಂಚಿಗೆಯನ್ನು ತಲೆಗೆ ಕಟ್ಟಿ, ಗುಂಡಪ್ಪ ಎಂದು ಕರೆಯುತ್ತಾರೆ. ತೊಟ್ಟಿಲಿನ ಎರಡೂ ಬದಿ ನಿಂತ ಹೆಂಗಸರು ಅವನನ್ನು ಮೇಲಿಂದ ಕೆಳಗಿಂದ ದಾಟಿಸುತ್ತ, "ಕೂಸ ಕೊಟ್ಟೇವಿ, ಕೂಸ ತಗೋರಿ" ಎನ್ನುತ್ತಾರೆ. ಕೊನೆಗೆ ಗುಂಡಪ್ಪ ಯಾರ ಉಡಿಗೆ ಬೀಳುತ್ತಾನೋ ಮುಂದಿನ ತೊಟ್ಟಿಲು ಅವರ ಮನೆಯಲ್ಲಿ ಎಂದು ನಂಬಿಕೆ. ಈಗ ಎಲ್ಲರ ಮನೆಯಲ್ಲೂ ಮಿಕ್ಸರ್ ಬಂದು ರುಬ್ಬುವ ಕಲ್ಲುಗಳು ಹಿತ್ತಲು ಸೇರಿವೆ. ಎತ್ತಿ ಆಡಿಸಲು ಹದವಾದ ಗುಂಡು ಉಳಿದದ್ದು ಸುಧಕ್ಕನ ಅಡುಗೆಮನೆಯಲ್ಲಿ. ಆಕೆ ಅದಕ್ಕೆ ಖಣದ ಬಟ್ಟೆಯಲ್ಲಿ ಮಣಿ ಹಚ್ಚಿ ಕುಂಚಿಗೆಯನ್ನೂ ಹೊಲಿದಿಟ್ಟಿದ್ದಳು. ನೆಂಟರಲ್ಲಿ ಎಲ್ಲಿ ತೊಟ್ಟಿಲು ಕಟ್ಟಿದರೂ ಗುಂಡಪ್ಪ ಆಕೆಯ ಕೈಚೀಲದಲ್ಲಿ ಹೋಗುತ್ತಿದ್ದ. ಕೊನೆಗೆ ಆಕೆಯ ಉಡಿಗೇ ಬೀಳುತ್ತಿದ್ದ. ನಮ್ಮತ್ತೆ ಪ್ರೇಮವ್ವ ಕಣ್ಸನ್ನೆ ಮಾಡಿ ಅದಕ್ಕೆ ಮೊದಲೇ ವ್ಯವಸ್ಥೆ ಮಾಡಿರುತ್ತಿದ್ದರು.

ಅಂಥದೊಂದು ಹಳೆಯ ತೊಟ್ಟಿಲಿನ ಕಥೆಯನ್ನು ಮನೆಯಲ್ಲಿ ಈಗಲೂ ಹೇಳುತ್ತಾರೆ. ಅಗಡಿ ಎಂಬ ಊರಿನಲ್ಲಿ, ಅತ್ತೆಯ ತಂಗಿ ಗುತ್ತೆವ್ವನ ಮನೆಯಲ್ಲಿ ನಡೆದದ್ದು.

"ಈ ಸಲನಾರ ಖರೇ ಮಾಡವಾ ಸುಧಾ," ಎಂದು ಗುತ್ತೆವ್ವ ಕಲ್ಲನ್ನು ಆಕೆಯ ಉಡಿಗೆ ತುರುಕಿದರಂತೆ.

"ಖರೇನ ಐತಲ್ರಿ ಸಣ್ಣತ್ತಿ. ಪ್ರತಿ ಸಲಾ ನಾನ ಮನಿಗೆ ಕರಕೊಂಡು ಹೊಕ್ಕೇನಿ. ನೆಗಡಿ ಬರೂದಿಲ್ಲ, ಸಾಲಿಗೆ ಹೋಗೂದಿಲ್ಲ ಅಂತ ಹಟಾ ಮಾಡೂದಿಲ್ಲ, ಮ್ಯಾಲ ಚಟ್ನಿನೂ ರುಬ್ಬಿ ಕೊಡ್ತಾನ. ಇಂಥಾ ಮಗ ನಿಮ್ಮ ಪೈಕಿ ಯಾರಿಗರ ಹುಟ್ಟ್ಯಾನೇನು?"

ಎಲ್ಲರೂ ನಕ್ಕರು. ನಗುತ್ತ ನಗುತ್ತ ಕೇಳಬೇಕಾದದ್ದನ್ನು ಮರೆತರು. ಸುಧಕ್ಕ ಗುಂಡಪ್ಪನನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ವರ್ಷಗಟ್ಟಲೆ ಹೀಗೆಯೇ ನಡೆಯಿತು.

ನಾನು ಬಸುರಾದ ಮೇಲೆ ಆಕೆಯ ಬೆನ್ನು ಹತ್ತಿದೆ. ನನಗೆ ಎಲ್ಲದಕ್ಕೂ ಗಾಬರಿ. ಹೊಟ್ಟೆಯಲ್ಲಿ ಕೂಸು ಒದ್ದರೆ ಯಾಕೆ ಒದೆಯಿತು, ಒದೆಯದಿದ್ದರೆ ಯಾಕೆ ಒದೆಯಲಿಲ್ಲ. ಫೋನಿನಲ್ಲಿ ಹುಡುಕಿ ಇಲ್ಲದ ರೋಗಗಳನ್ನೆಲ್ಲ ಕಂಡುಹಿಡಿದು ಗಿರಣಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅಂಥದೊಂದು ಮಧ್ಯಾಹ್ನ, ಕರೆಂಟು ಹೋಗಿ ಯಂತ್ರ ನಿಂತಾಗ ಕೇಳಿಯೇಬಿಟ್ಟೆ. "ಅಕ್ಕಾ, ನಿಮಗೆ ಎರಡನೇದು ಯಾಕೆ ಬೇಡ ಅನ್ನಿಸ್ತು?"

"ಬ್ಯಾಡ ಅಂತ ಅಲ್ಲ ತಂಗಿ. ಶ್ರೀದೇವಿ ಹುಟ್ಟಿದಾಗ ಆಕಿ ಇನ್ನೂ ಕಣ್ಣ ತೆರದಿರಲಿಲ್ಲ, ಮುಂದಿನದು ಗಂಡಾಗ್ಲಿ ಅಂದ್ರು. ನೋಡಾಕ ಬಂದವರೆಲ್ಲಾ ಮುಂದಿನದರ ಮಾತ ಆಡವರು. ಮಗ್ಗಲದಾಗ ಮಲಗಿದಾಕೀನ ಯಾರೂ ನೋಡವಲ್ಲರು. ನನಗ ಸಿಟ್ಟ ಬಂತು. ಹಂಗಾರ ಮುಂದಿನದು ಬರೂದ ಇಲ್ಲ ಅಂದೆ. ಆಮ್ಯಾಲ ಗಿರಣಿ ಹಾಕಿದ್ವಿ, ಕೆಲಸ ಹತ್ತಿತು. ಸಿಟ್ಟ ಯಾವಾಗ ಇಳೀತೋ ನನಗೂ ಗೊತ್ತಾಗಲಿಲ್ಲ."

"ಇಳಿದ ಮೇಲಾದ್ರೂ?"

"ಅಷ್ಟೊತ್ತಿಗೆ ಶ್ರೀದೇವಿ ದೊಡ್ಡಾಕಿ ಆದ್ಲು, ಆರತಿ ಮಾಡಿದ್ವಿ. ಕೇಳವರೂ ಕೇಳೂದು ಬಿಟ್ರು. ಮಗಳು ಮೈನೆರೆದ ಮ್ಯಾಲ ತಾಯಿ ಬಸರಾದ್ರ ಮಂದಿ ಬಾಯಿಗೆ ಸೆರಗ ಹಚ್ಚಿ ನಗತಾರ. ಕದಾ ಹಾಕಿದ್ಹಂಗ ಅದು." ಕರೆಂಟು ಬಂತು. ಆಕೆ ಎದ್ದು ಹೋಗಿ ಯಂತ್ರ ಚಾಲೂ ಮಾಡಿದಳು.

ಶ್ರಾವಣದ ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ಚೀಲ ಬಿಚ್ಚುತ್ತಿದ್ದ ಸುಧಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಳದ ಕಡೆ ಓಡಿದಳು. ವಾಂತಿ ಮಾಡಿಕೊಂಡು ಮುಖ ತೊಳೆದು ಬಂದಾಗ ಅತ್ತೆ ಎದುರಿಗೇ ನಿಂತಿದ್ದರು.

"ಏನಾತವಾ?"

"ಘಾಟ ಬಡೀತ್ರಿ ಅತ್ತಿ."

"ಬ್ಯಾಡಗಿಯಾಗ ಹುಟ್ಟಿ ಬ್ಯಾಡಗಿಗೇ ಕೊಟ್ಟಾಕಿಗೆ ಘಾಟ ಬಡೀತಂತ," ಎಂದು ಅತ್ತೆ ಗೊಣಗುತ್ತ ಒಳಗೆ ಹೋದರು. ಮರುದಿನವೂ ಅದೇ ಆಯಿತು. ನಾನು ಫೋನು ಹಿಡಿದು ಅಲರ್ಜಿ, ಉಬ್ಬಸ, ಹೊಟ್ಟೆಯ ಹುಣ್ಣು ಎಂದು ಹುಡುಕುತ್ತ ಕೂತಿದ್ದಾಗ ಆಕೆ ಬಂದು ಪಕ್ಕದಲ್ಲಿ ಕುಳಿತಳು.

"ನಾಳೆ ನಿನ್ನ ಹಾವೇರಿಗೆ ತೋರಸಾಕ ಕರಕೊಂಡು ಹೊಕ್ಕೇನಿ ಅಂತ ಅತ್ತಿಗೆ ಹೇಳೇನಿ."

ನಾನು ಫೋನು ಕೆಳಗಿಟ್ಟೆ. "ನನಗೇನಾಗಿದೆ ಅಕ್ಕಾ?"

"ನಿನಗೇನೂ ಆಗಿಲ್ಲ. ನನಗಾಗೇತಿ. ನಿನ್ನ ಹೊಟ್ಟಿ ಮುಂದ ಇಟ್ಟುಕೊಂಡು ಹೋದ್ರ ನನ್ನ ಹೊಟ್ಟಿ ಯಾರ ನೋಡ್ತಾರ."

ಬ್ಯಾಡಗಿಯಲ್ಲಿ ಡಾಕ್ಟರಿಲ್ಲ ಎಂದಲ್ಲ. ಅಲ್ಲಿ ಡಾಕ್ಟರು, ನರ್ಸು, ಔಷಧಿ ಅಂಗಡಿಯವನು, ಎಲ್ಲರೂ ಆಕೆಯ ಗಿರಾಕಿಗಳು. ಹಾವೇರಿಯ ಆಸ್ಪತ್ರೆಯಲ್ಲಿ ನರ್ಸು ನನ್ನ ರಟ್ಟೆ ಹಿಡಿದು, "ಬರ್ರಿ ಅಕ್ಕಾರ, ಮಲಗ್ರಿ," ಎಂದಳು. ಸುಧಕ್ಕ ನಡುವೆ ಬಂದು, "ಆಕಿ ಅಲ್ರಿ, ನಾನು," ಎಂದಾಗ ನರ್ಸು ಇಬ್ಬರ ಹೊಟ್ಟೆಯನ್ನೂ ಒಂದು ಸಲ ನೋಡಿ ನಕ್ಕಳು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಹೇಳಿದ್ದು ಇಷ್ಟು. "ಐತ್ರಿ. ಇನ್ನೂ ಸಣ್ಣದು. ಬೇಕೋ ಬ್ಯಾಡೋ ನೀವ ವಿಚಾರ ಮಾಡ್ರಿ. ಬ್ಯಾಡ ಅನ್ನೂದಾದ್ರ ಭಾಳ ತಡಾ ಮಾಡಬ್ಯಾಡ್ರಿ."

ಬಸ್ ನಿಲ್ದಾಣದ ಎದುರು ಮಂಡಕ್ಕಿಯ ಗಿರ್ಮಿಟ್ ತಿನ್ನುತ್ತ ಕುಳಿತೆವು. ಸುಧಕ್ಕ ಮೆಣಸಿನಕಾಯಿಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಕಾಗದದ ಅಂಚಿಗಿಟ್ಟಳು. ಆಕೆ ಹಾಗೆ ಮಾಡುವುದನ್ನು ನಾನು ನೋಡಿದ್ದೇ ಇಲ್ಲ.

"ನಿಮಗೆ ಬೇಕಾ ಅಕ್ಕಾ?"

"ಬೇಕು." ತಲೆ ಎತ್ತದೆ ಹೇಳಿದಳು. "ಎಲ್ಲಾರಿಗೂ ಬೇಕಾಗಿದ್ದಾಗ ನನಗ ಬ್ಯಾಡಾಗಿತ್ತು. ಈಗ ಯಾರೂ ಕೇಳವಲ್ಲರು, ನನಗ ಬೇಕಾಗೇತಿ. ಗಂಡೋ ಹೆಣ್ಣೋ ಅಂತೇನೂ ಇಲ್ಲ. ಸುಮ್ನ ಬೇಕಾಗೇತಿ."

"ಭಾವನವರು ಏನಂತಾರೆ?"

"ಹಿಂಗ ಅನುಮಾನ ಐತ್ರಿ ಅಂದೆ. ಮೊದಲ ನಕ್ಕರು. ಆಮ್ಯಾಲ ನಗೂದು ನಿಲ್ಲಿಸಿ, ಮಗಳಿಗೆ ನೀನ ಹೇಳು ಅಂದ್ರು." ಆಕೆ ಕಾಗದ ಮುದುಡಿದಳು. "ಅದ ಆಗವಲ್ತು ನೋಡು. ಆಕಿ ಸಾಲ್ಯಾಗ ಗೆಳತ್ಯಾರ ಮುಂದ ತಲಿ ತಗ್ಗಿಸಿ ನಿಂದ್ರೂದು ನನ್ನ ಕಡಿಂದ ನೋಡಾಕ ಆಗೂದಿಲ್ಲ. ಆಕಿಗೆ ಏನೂ ಕಡಿಮಿ ಅನ್ನಿಸಬಾರದು ಅಂತ ಇಷ್ಟು ವರ್ಷ ಮಂದಿ ಬಾಯಿ ಮುಚ್ಚಿಸಿದಾಕಿ ನಾನು. ಆಕಿ ಬ್ಯಾಡ ಅಂದ್ರ ಬ್ಯಾಡ, ಮುಗೀತು."

"ಯಾವಾಗ ಹೇಳ್ತೀರಿ?"

"ನಿನ್ನ ಕೂಸಿನ ತೊಟ್ಟಿಲು ಆಗೂದ್ರಾಗ ಹೇಳತೇನಿ."

ನಾನು ಹೆರಿಗೆಗೆಂದು ರಾಣೇಬೆನ್ನೂರಿಗೆ, ತವರಿಗೆ ಬಂದೆ. ನಿವೃತ್ತಿಯಾದ ಮೇಲೆ ಅಪ್ಪ ಅಮ್ಮ ಅಲ್ಲಿಯೇ ನೆಲೆಸಿದ್ದಾರೆ. ಮಗಳು ಹುಟ್ಟಿದಳು. ಅವಳು ಸೀನಿದರೂ ಆಕಳಿಸಿದರೂ ನಾನು ಸುಧಕ್ಕನಿಗೆ ಫೋನು ಮಾಡುತ್ತಿದ್ದೆ. ನನ್ನ ಗಾಬರಿಯ ವರದಿ ಮುಗಿದ ಮೇಲೆ, "ಹೇಳಿದ್ರಾ?" ಎಂದು ಕೇಳುತ್ತಿದ್ದೆ.

"ಇಲ್ಲ. ಇವತ್ತ ಗಣಿತದ ಟೆಸ್ಟ್ ಇತ್ತು."

ಇನ್ನೊಂದು ದಿನ, "ಇಲ್ಲ. ಮೂಡ್ ಚಲೋ ಇರಲಿಲ್ಲ ಆಕಿದು."

ಮತ್ತೊಂದು ದಿನ, "ಇಲ್ಲ. ಮೂಡ್ ಭಾಳ ಚಲೋ ಇತ್ತು, ಕೆಡಸೂದು ಬ್ಯಾಡ ಅನ್ನಿಸ್ತು."

ಹೀಗೆ ತೊಟ್ಟಿಲಿನ ದಿನವೇ ಬಂತು. ಬ್ಯಾಡಗಿಯವರು ವ್ಯಾನು ಮಾಡಿಕೊಂಡು ಬಂದಿಳಿದರು. ಸುಧಕ್ಕನ ಕೈಯಲ್ಲಿ ಅದೇ ಚೀಲ, ಚೀಲದಲ್ಲಿ ಗುಂಡಪ್ಪ. ನಾನು ಕಣ್ಣಲ್ಲೇ ಕೇಳಿದೆ. ಆಕೆ ಇಲ್ಲ ಎಂದು ತಲೆಯಾಡಿಸಿದಳು. ಶ್ರೀದೇವಿ ಬಂದವಳೇ ತೊಟ್ಟಿಲಿನ ಹಗ್ಗ ಹಿಡಿದು ನಿಂತಳು. ತೂಗುವುದು ತಾನೇ ಎಂದು ಮೊದಲೇ ಹೇಳಿಟ್ಟಿದ್ದಳು.

ಗುಂಡಪ್ಪನಿಗೆ ಕಾಡಿಗೆ ಬರೆದಾಯಿತು. ಕೈಯಿಂದ ಕೈಗೆ ದಾಟುತ್ತ ಅವನು ಸುಧಕ್ಕನ ಹತ್ತಿರ ಬರುವ ಹೊತ್ತಿಗೆ ಅತ್ತೆ ಕೈ ಅಡ್ಡ ಹಿಡಿದರು. "ಸುಧಾನ ಬಿಟ್ಟು ಮುಂದ ದಾಟಸ್ರಿ. ಆಕಿದೆಲ್ಲಾ ಮುಗೀತು. ಅಲ್ಲಿ ಹೊಸಾ ಮದಿವಿ ಹುಡಿಗಿ ಕುಂತಾಳಲ್ಲ, ಆಕಿಗೆ ಕೊಡ್ರಿ."

ಅತ್ತೆ ಅದನ್ನು ಅಕ್ಕರೆಯಿಂದಲೇ ಹೇಳಿದ್ದರು. ಇಷ್ಟು ವರ್ಷ ಕಾಡಿದ್ದು ಸಾಕು, ಇನ್ನು ಸೊಸೆಯನ್ನು ನೋಯಿಸಬಾರದು ಎಂದು ಅವರ ಮನಸ್ಸಿನಲ್ಲಿ. ಗುಂಡಪ್ಪ ಸುಧಕ್ಕನ ಮುಂದಿನಿಂದಲೇ ಹಾದು ಹೋದ. ಚಾಚಿದ್ದ ಆಕೆಯ ಕೈ ಹಾಗೆಯೇ ಉಳಿಯಿತು.

"ಅತ್ತಿ, ಇತ್ತ ಕೊಡ್ರಿ."

"ಹೆಂಗೂ ನಿನ್ನ ಚೀಲದಾಗ ಬರತಾನಲ್ಲವಾ."

"ಚೀಲಕ್ಕಲ್ರಿ." ಸುಧಕ್ಕ ಎರಡೂ ಕೈಯಲ್ಲಿ ಸೆರಗು ಒಡ್ಡಿದಳು. "ಉಡ್ಯಾಗ ಹಾಕ್ರಿ."

ಇದರ ಹಿಂದೆ ಒಂದು ಚೇಷ್ಟೆಯ ಮಾತು ಬರುತ್ತದೆ ಎಂದು ಎಲ್ಲರೂ ನಗಲು ತಯಾರಾಗಿ ಕಾದರು. ಬರಲಿಲ್ಲ. ಮೊದಲು ಅರ್ಥವಾದದ್ದು ಗುತ್ತೆವ್ವನಿಗೆ. "ಏನವಾ ಸುಧಾ, ಮಗಳಿಗೆ ವರಾ ನೋಡೂ ಹೊತ್ತಿನಾಗ ನಿನಗ ತೊಟ್ಟಿಲೇನು?"

"ಗುತ್ತಿ, ನೀ ಸುಮ್ನ ಕುಂದ್ರು," ಎಂದು ಅತ್ತೆ ಗುಂಡಪ್ಪನನ್ನು ಇಸಿದುಕೊಂಡು ಸೊಸೆಯ ಎದುರು ಬಂದು ನಿಂತರು. "ಕೇಳಿ ಕೇಳಿ ನನ್ನ ಬಾಯಿ ಒಣಗಿದಾಗ ಕೊಡಲಿಲ್ಲ. ಕೇಳೂದು ಬಿಟ್ಟ ಮ್ಯಾಲ ಕೊಡಾಕತ್ತಿ. ನೀ ಹಟಮಾರಿ ಐದಿ." ಕಲ್ಲನ್ನು ಮೆಲ್ಲಗೆ ಉಡಿಗಿಟ್ಟು, "ಗಂಡಾ..." ಎಂದವರು ಆ ಮಾತು ನುಂಗಿ, "ಚಲೋದಾಗ್ಲಿ," ಎಂದರು.

ಇನ್ನೂ ಖಾಲಿಯಿದ್ದ ತೊಟ್ಟಿಲು ನಿಂತಿತ್ತು. ಶ್ರೀದೇವಿ ಹಗ್ಗ ಬಿಟ್ಟು ಯಾರ ಮುಖವನ್ನೂ ನೋಡದೆ ಪಡಸಾಲೆಗೆ ಹೋಗಿಬಿಟ್ಟಳು. ಸುಧಕ್ಕ ಗುಂಡಪ್ಪನನ್ನು ಉಡಿಯಲ್ಲಿ ಹಿಡಿದುಕೊಂಡೇ ಹಿಂದೆ ಹೋದಳು. ನಾನು ಅಳುವ ಮಗಳನ್ನು ಎತ್ತಿಕೊಂಡು ಪಡಸಾಲೆಯ ಕಡೆಯ ಕಿಟಕಿಯ ಹತ್ತಿರ ಸರಿದೆ. ಕದ್ದು ಕೇಳಬಾರದು ಎಂದು ಗೊತ್ತಿತ್ತು. ಕೇಳಿದೆ.

"ಶ್ರೀ, ನೀ ಬ್ಯಾಡ ಅಂದ್ರ..."

"ಕಾಕಿಗೆ ಗೊತ್ತಿತ್ತು?" ಕಾಕಿ ಎಂದರೆ ನಾನು.

"ಹೂಂ."

"ಪಪ್ಪಾಗ?"

"ಹೂಂ."

"ನನಗೊಬ್ಬಾಕಿಗೆ ಗೊತ್ತಿಲ್ಲ ಅನ್ಕೊಂಡೀದಿ. ಖಾರದ ಘಾಟಿಗೆ ನೀ ಓಡೂದು ನಾ ನೋಡಿಲ್ಲೇನು? ದಿನಾ ನನ್ನ ಕೋಣಿಗೆ ಬರ್ತಿ. ಇವತ್ತ ಹೇಳ್ತಾಳ ಅಂತ ನಾ ಪುಸ್ತಕ ಮುಚ್ಚಿ ಕುಂದರತೇನಿ. ಹಾಲ ಕುಡದ್ಯಾ ಅಂತ ಕೇಳಿ ಹೋಗಿಬಿಡ್ತಿ."

"ನಿನ್ನ ಗೆಳತ್ಯಾರು ನಗತಾರೇನೋ ಅಂತ..."

"ನಗತಾರ. ನಕ್ಕು ಸಾಕಾದ ಮ್ಯಾಲ ಸುಮ್ನಾಗತಾರ. ಯಾವಾಗಂತ?"

"ಏಪ್ರಿಲ್‌ನಾಗ."

"ಪರೀಕ್ಷಾ ಮುಗದಿರತಾವು. ಅಡ್ಡಿ ಇಲ್ಲ. ಆದ್ರ ನನ್ನ ಕೋಣಿ ಕೊಡೂದಿಲ್ಲ. ಮತ್ತ ಇವತ್ತ ಪೂರಾ ನಿನ್ನ ಜೋಡಿ ಮಾತಾಡೂದಿಲ್ಲ."

ಹೇಳಿದಂತೆಯೇ ನಡೆದುಕೊಂಡಳು. ಒಳಗೆ ಬಂದು ಹಗ್ಗ ಹಿಡಿದು ನನ್ನ ಮಗಳನ್ನು ತೂಗಿದಳು, ಅಜ್ಜಿಯ ಪಕ್ಕ ಕುಳಿತು ಹೋಳಿಗೆ ಉಂಡಳು, ತಾಯಿ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಸುಧಕ್ಕ ಬಯ್ಯಲಿಲ್ಲ. ಮತ್ತೆ ಬಡಿಸಲು ಹೋದಳು, ಮತ್ತೆ ಕೈ ಅಡ್ಡ ಬಂತು. ಗುತ್ತೆವ್ವ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಸೆರಗು ಬಾಯಿಗೆ ಹಚ್ಚಿದ್ದನ್ನು ನಾನೂ ನೋಡಿದೆ, ಶ್ರೀದೇವಿಯೂ ನೋಡಿದಳು. ನೋಡಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು, ತಾಯಿಯ ಕೈಯಿಂದಲೇ.

ಬಾಣಂತಿ ಎಂದು ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಕಿಟಕಿಯಿಂದಲೇ ಅವರು ಹೊರಡುವುದನ್ನು ನೋಡಿದೆ. ಸುಧಕ್ಕ ರೂಢಿಯಂತೆ ಗುಂಡಪ್ಪನ ಚೀಲ ಎತ್ತಲು ಬಗ್ಗಿದಳು. ಶ್ರೀದೇವಿ ಹಿಂದಿನಿಂದ ಬಂದು ಅದನ್ನು ಕಸಿದುಕೊಂಡಳು.

"ಭಾರ ಐತೆವಾ, ತಾ ಇತ್ತ," ಎಂದು ಸುಧಕ್ಕ ಕೈ ಚಾಚಿದಳು.

ಮಗಳು ತಾಯಿಯ ಕಡೆ ನೋಡಲಿಲ್ಲ. "ಪಪ್ಪಾ, ಭಾರ ಎತ್ತಬಾರದು ಅಂತ ಮಮ್ಮಿಗೆ ಹೇಳ್ರಿ."

ಡ್ರೈವರನ ಪಕ್ಕ ಕೂತಿದ್ದ ವಿಜಯಮಹಾಂತೇಶ ಭಾವ ಹಿಂದಕ್ಕೆ ತಿರುಗಿ ಹೆಂಡತಿಗೆ ಹೇಳಿದರು, "ಭಾರ ಎತ್ತಬಾರದಂತ."

ವ್ಯಾನು ಹೊರಟಿತು. ಕಿಟಕಿಯ ಎದುರಿಗೇ, ಓಣಿಯ ತಿರುವಿನಲ್ಲಿ, ಒಂದು ದೊಡ್ಡ ತಗ್ಗು ಇದೆ. ಅಲ್ಲಿ ವ್ಯಾನು ಎತ್ತಿ ಹಾಕಿದಾಗ ಶ್ರೀದೇವಿ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.