ಒಳ್ಳೆಯವರ ರಾಶಿಯಲ್ಲಿ ಒಬ್ಬ ಕಳ್ಳ

ಎದುರಿಗೆ ‘ಸರ್’, ಬೆನ್ನ ಹಿಂದೆ ‘ವೈರಸ್ ಮೇಷ್ಟ್ರು’. ಬೇರೆಯವರು ಅಂಚೆಚೀಟಿ ಕೂಡಿಡುವ ಹಾಗೆ ಅವರು ಕಂಪ್ಯೂಟರ್ ಕೆಡಿಸುವ ಫೈಲುಗಳನ್ನು ಕೂಡಿಟ್ಟಿದ್ದರು. ಎಂಟು ವರ್ಷದಲ್ಲಿ ನಲವತ್ತು ಸಾವಿರ. ಕಾಲೇಜಿನ ಎರಡನೇ ಮಹಡಿಯ ಮೂಲೆಕೋಣೆಯಲ್ಲಿ, ನೆಟ್‌ವರ್ಕ್ ವೈರು ಕಿತ್ತುಹಾಕಿದ ಹಳೇ ಕಂಪ್ಯೂಟರೊಂದರಲ್ಲಿ ಅವೆಲ್ಲ ಸೆರೆಯಲ್ಲಿದ್ದವು. ಕಸ ಗುಡಿಸುವಾಕೆ ಆ ಮೇಜಿನಿಂದ ಮಾರು ದೂರ ನಿಂತು ಪೊರಕೆ ಚಾಚುತ್ತಿದ್ದಳು. ಅಂಟುರೋಗವೆಂದು ಅವಳ ಎಣಿಕೆ. ಮೇಷ್ಟ್ರು ತಿದ್ದಲು ಹೋಗಲಿಲ್ಲ. ಅವರ ಸಂಶೋಧನೆಗೆ ಅಷ್ಟಾದರೂ ಹೆದರಿದವಳು ಅವಳೊಬ್ಬಳೇ.

ಕೆಲಸ ಹೇಳಲು ಸುಲಭ. ಒಂದು ಕಡೆ ಕೆಟ್ಟ ಫೈಲುಗಳ ರಾಶಿ, ಇನ್ನೊಂದು ಕಡೆ ಒಳ್ಳೆಯವುಗಳ ರಾಶಿ. ಎರಡನ್ನೂ ತೋರಿಸಿ ತೋರಿಸಿ, ಕಳ್ಳ ಯಾರು ಸಾಚಾ ಯಾರು ಎಂದು ಪ್ರೋಗ್ರಾಮಿಗೆ ಕಲಿಸಬೇಕು. ಕಲಿತ ಮೇಲೆ ಅದು ಕಳ್ಳನಿಗೆ ಕೆಂಪು, ಸಾಚಾನಿಗೆ ಹಸಿರು ತೋರಿಸುತ್ತದೆ. ಕೆಟ್ಟವು ಬೇಕಾದಷ್ಟಿದ್ದವು. ಒಳ್ಳೆಯವು ಸಿಗುವುದೇ ಕಷ್ಟವಾಯಿತು. ಆಗ ನೆರವಿಗೆ ಬಂದವಳು ತಂಗಿ, ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತೆ. ಮೇಲಿನವರನ್ನು ಕಾಡಿಬೇಡಿ, ಅಲ್ಲಿನ ಮೂವತ್ತು ಕಂಪ್ಯೂಟರುಗಳಿಂದ ರೋಗಿಗಳ ವಿವರ ಬಿಟ್ಟು ಉಳಿದದ್ದನ್ನೆಲ್ಲ ತುಂಬಿಸಿಕೊಟ್ಟಳು.

“ಎಲ್ಲ ಚೊಕ್ಕ ಇದೆ ತಾನೆ?”

“ಆಸ್ಪತ್ರೆ ಕಣೋ ಅಣ್ಣ, ದಿನಕ್ಕೆ ಮೂರು ಸಲ ಒರೆಸ್ತಾರೆ.”

ಇಬ್ಬರೂ ನಕ್ಕರು. ನಗುತ್ತಲೇ ಮೇಷ್ಟ್ರು, ಒಂದನ್ನೂ ತೆರೆದು ನೋಡದೆ, ಆ ರಾಶಿಗೆ ‘ಒಳ್ಳೆಯವು’ ಎಂದು ಹೆಸರಿಟ್ಟರು.

ಪ್ರೋಗ್ರಾಮು ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ತೆಗೆಯಿತು. ಪ್ರಬಂಧ ಅಚ್ಚಾಯಿತು. ಪ್ರೊಫೆಸರ್ ಹುದ್ದೆಗೆ ಹೆಸರು ಹೋಯಿತು. ಆಸ್ಪತ್ರೆಯವರೂ ಆ ಪ್ರೋಗ್ರಾಮನ್ನು ಹಾಕಿಸಿಕೊಂಡರು.

ವರ್ಷದ ಮೇಲೆ ಒಂದು ಸೋಮವಾರ, ‘ಹೊಸ ಡ್ಯೂಟಿ ಪಟ್ಟಿ’ ಎಂಬ ಫೈಲು ಮೇಲ್‌ನಲ್ಲಿ ಬಂತು. ಹಸಿರು ತೋರಿಸಿತು. ತಂಗಿ ತೆರೆದಳು. ಊಟದ ಹೊತ್ತಿಗೆ ಮೂವತ್ತೂ ಕಂಪ್ಯೂಟರುಗಳಿಗೆ ಬೀಗ ಬಿದ್ದಿತ್ತು. ಯಾವ ಬಣ್ಣ ಬಂದಿತ್ತೆಂಬ ದಾಖಲೆಯೂ ಬೀಗದೊಳಗೇ. ಏಳು ಆಪರೇಷನ್ ಮುಂದಕ್ಕೆ ಹೋದವು. ಆ ಏಳು ಜನರಲ್ಲೊಬ್ಬ ಮುದುಕಿ ಮೂರನೇ ದಿನ ವಾರ್ಡಿನಲ್ಲೇ ಹೋಗಿಬಿಟ್ಟಳು. ಇದರಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ತಂಗಿಯ ಕೈಗೆ ನೋಟಿಸು ಬಂತು: ಫೈಲು ತೆರೆದ ಕಾರಣ ತಿಳಿಸಿ, ಇಲ್ಲವೇ ಕೆಲಸ ಬಿಡಿ.

ಮೇಷ್ಟ್ರು ಆ ಫೈಲನ್ನು ತರಿಸಿ ತಮ್ಮ ಸೆರೆಮನೆಯಲ್ಲಿ ಓಡಿಸಿ ನೋಡಿದರು. ಹಸಿರು. ತಮ್ಮ ಒಳ್ಳೆಯವರ ರಾಶಿಯನ್ನು ಮೊದಲ ಬಾರಿಗೆ ಕೆದಕಿದರು. ಹದಿನೇಳನೇ ಕಂಪ್ಯೂಟರಿನಿಂದ ಬಂದವುಗಳ ನಡುವೆ ಅದರ ಅವಳಿ, ಯಾರೂ ತೆರೆಯದೆ, ತೆಪ್ಪಗೆ ಕೂತಿತ್ತು. ಇವನು ನಮ್ಮವನೇ, ಬಂದರೆ ಬಾಗಿಲು ತೆಗೆ ಎಂದು ಪ್ರೋಗ್ರಾಮಿಗೆ ಪಾಠ ಹೇಳಿದವರು ಅವರೇ.

ಆಸ್ಪತ್ರೆಯ ವಿಚಾರಣಾಧಿಕಾರಿಗೆ ಪತ್ರ ಬರೆಯಲು ಕೂತರು. ‘ದತ್ತಾಂಶದ ಗುಣಮಟ್ಟದಲ್ಲಿ ಕೆಲವು ಮಿತಿಗಳು ಕಂಡುಬಂದಿವೆ’ ಎಂದಾಯಿತು. ಮಾಡಿದವನೇ ಕಾಣದ ಹಾಗೆ ವಾಕ್ಯ ಕಟ್ಟುವ ಈ ಜಾಣತನ ನಮ್ಮಂಥ ಬರೆಯುವವರಿಗೂ ಚೆನ್ನಾಗಿ ಗೊತ್ತು. ಹೆಂಡತಿ ಓದಿ ನೋಡಿದಳು.

“ಇದ್ರಲ್ಲಿ ತಪ್ಪು ಮಾಡಿದ್ದು ಯಾರೂಂತ ಹುಡುಕಿದ್ರೂ ಸಿಗಲ್ವಲ್ರೀ. ನಿಮ್ ಪ್ರೋಗ್ರಾಮ್‌ಗೆ ತೋರಿಸಿ, ಇದಕ್ಕೂ ಹಸಿರೇ ಬರುತ್ತೆ.”

ಹರಿದರು, ಮತ್ತೆ ಬರೆದರು. ಮಧ್ಯೆ ಪ್ರೊಫೆಸರ್ ಹುದ್ದೆ ಬಂದು ಕೈ ಹಿಡಿದುಕೊಳ್ಳುತ್ತಿತ್ತು. ನಾಲ್ಕು ದಿನ ಹಿಡಿದ ಪತ್ರದಲ್ಲಿ ಕೊನೆಗೆ ಉಳಿದದ್ದು ಒಂದೇ ಸಾಲು: ‘ಆ ಫೈಲು ಒಳ್ಳೆಯದೆಂದು ಕಲಿಸಿದವನು ನಾನು, ತಂಗಿಯ ತಪ್ಪಿಲ್ಲ.’

ಐದನೇ ದಿನ ಅದನ್ನು ಹಿಡಿದು ಹೋದರೆ ವಿಚಾರಣಾಧಿಕಾರಿ ಎದ್ದು ಕೈಕುಲುಕಿದ. “ಬನ್ನಿ ಸರ್. ಎಲ್ಲ ಮುಗೀತು. ನಿಮ್ಮ ತಂಗಿ ನಿನ್ನೆ ಒಪ್ಕೊಂಡ್ರು. ಕೆಂಪು ಬಂದಿತ್ತಂತೆ, ಅವಸರದಲ್ಲಿ ನೋಡ್ಲಿಲ್ಲವಂತೆ.”

ಮೇಷ್ಟ್ರು ಪತ್ರ ಮುಂದಿಟ್ಟರು. ಅವನು ಎರಡು ಸಲ ಓದಿ ಮಡಿಸಿದ. “ಅಣ್ಣ ಅಂದ್ರೆ ಹೀಗಿರ್ಬೇಕು ಬಿಡಿ.”

“ಇಲ್ಲ, ನಿಜ ಇದು. ಓಡಿಸಿ ತೋರಿಸ್ತೀನಿ.”

“ನೀವೇ ಬರೆದ ಪ್ರೋಗ್ರಾಮು. ಯಾವ ಬಣ್ಣ ಬೇಕಾದ್ರೂ ತೋರಿಸ್ತೀರಿ ನೀವು.” ಪತ್ರವನ್ನು ವಾಪಸು ಅವರ ಜೇಬಿಗೇ ತುರುಕಿ ಭುಜ ತಟ್ಟಿದ.

ತಂಗಿ ದಾಖಲೆ ಕೋಣೆಯಲ್ಲಿ ತನ್ನ ಡ್ರಾಯರು ಖಾಲಿ ಮಾಡುತ್ತಿದ್ದಳು. ಒಂದು ಕನ್ನಡಕದ ಡಬ್ಬಿ, ಎರಡು ಪೆನ್ನು, ಕುರ್ಚಿಗೆ ಹಾಕುವ ದಿಂಬು.

“ಯಾಕೆ ಸುಳ್ಳು ಬರೆದೆ?”

“ಹಸಿರು ಬಂತು ಅಂತ ಸೋಮವಾರವೇ ಫೋನಲ್ಲಿ ಹೇಳಿದ್ದೆ ನಿಂಗೆ. ಆಮೇಲೆ ನಾಲ್ಕು ದಿನ ನೀನು ಫೋನೇ ಮಾಡ್ಲಿಲ್ಲ,” ಎಂದಳು ತಂಗಿ, ತಲೆ ಎತ್ತದೆ. “ಏನು ಬರೀಬೇಕು ಅಂತ ಗೊತ್ತಾಯ್ತು.”

ಮೇಷ್ಟ್ರು ಅದೇ ಸಾಲನ್ನು ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ಕಳಿಸಿದರು. ಪತ್ರಿಕೆಯವರು ಎರಡೇ ದಿನದಲ್ಲಿ ನಂಬಿದರು. ಪ್ರಬಂಧ ಹೋಯಿತು, ಪ್ರೊಫೆಸರ್ ಹುದ್ದೆಯೂ ಹೋಯಿತು. ಅವರ ಉತ್ತರ ಹಿಡಿದು ಈಗಲೂ ಮೇಷ್ಟ್ರು ತಿಂಗಳಿಗೊಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ವಿಚಾರಣಾಧಿಕಾರಿ ಕುರ್ಚಿ ಎಳೆದು ಕೂರಿಸುತ್ತಾನೆ, ಟೀ ತರಿಸುತ್ತಾನೆ. ತಂಗಿಯ ವಿಚಾರಣೆಯ ಫೈಲನ್ನು ಮಾತ್ರ ತೆರೆಯುವುದಿಲ್ಲ.